ಕಾಲೇಜು ಹುಡುಗರ ಈಜು ಮತ್ತು ಡೈವಿಂಗ್ ಕೂಟ: ನಡೆದು ಬಂದ ದಾರಿ



ಕಳೆದ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಶೂಳಗಿರಿ ಕಡೆಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ನನ್ನ ಮಗ ಚೆನ್ನಾಗಿ ಈಜ್ತಾನೆ, ಈ ವರ್ಷ ಕಾಲೇಜಿಗೆ ಸೇರಿದಾನೆ. ಯೂನಿವರ್ಸಿಟಿ ಮಟ್ಟಕ್ಕೆ ಹೋಗೋಕೆ ಏನು ಮಾಡ್ಬೇಕು? ನಾವು ಕನ್ನಡದೋರು, ಕರ್ನಾಟಕದ ಕಡೆಯಿಂದ ಇಳಿಬಹುದಾ?" ಎಂದು ಕೇಳಿದರು. ನಿಂತ ಕಾಲಲ್ಲಿ ಕೊಟ್ಟ ಉತ್ತರ ಅರ್ಧಂಬರ್ಧವಾಯಿತು. ಇದೇ ಪ್ರಶ್ನೆ ಇನ್ನೂ ಕೆಲವು ಮನೆಗಳಲ್ಲಿ ಇರಬಹುದೆಂದು, ನನಗೆ ತಿಳಿದದ್ದನ್ನು ಒಂದೆಡೆ ಬರೆದಿಡುತ್ತಿದ್ದೇನೆ. ಬೇಕಾದವರು ಮುದ್ರಿಸಿ ಇಟ್ಟುಕೊಳ್ಳಬಹುದು. ಇಲ್ಲಿ ಪುರುಷರ ಕೂಟದ ವಿಷಯ ಮಾತ್ರ ಇದೆ. ಹೆಣ್ಣುಮಕ್ಕಳ ಕೂಟದ ಬಗ್ಗೆ ಬೇರೆಯಾಗಿಯೇ ಬರೆಯಬೇಕು, ಬರೆಯುತ್ತೇನೆ.

ಮೊದಲು ನಮ್ಮ ನೀರಿನ ಮಾತು. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಗಡಿ ದಾಟಿ ತೆನ್‌ಪೆಣ್ಣೈ ಆಗಿ ಹೊಸೂರಿನ ಪಕ್ಕ ಕೆಲವರಪಳ್ಳಿ ಅಣೆಕಟ್ಟಿಗೆ, ಅಲ್ಲಿಂದ ಮುಂದೆ 1950ರ ದಶಕದಲ್ಲಿ ಕಟ್ಟಿದ ಕೃಷ್ಣಗಿರಿ ಅಣೆಕಟ್ಟಿಗೆ ಬರುತ್ತದೆ. ಇದರ ಜೊತೆಗೆ ಊರೂರಿನ ಕೆರೆ, ತೋಟದ ಬಾವಿ. ನಮ್ಮ ತಲೆಮಾರಿನವರು ಈಜು ಕಲಿತದ್ದು ಇವುಗಳಲ್ಲೇ. ಸೊಂಟಕ್ಕೆ ಈಜುಬುರುಡೆ ಕಟ್ಟಿ, ಮಾವನೋ ಅಣ್ಣನೋ ಬಾವಿಗೆ ತಳ್ಳುತ್ತಿದ್ದರು. ಎರಡು ದಿನ ನೀರು ಕುಡಿದು ಅತ್ತು, ಮೂರನೆಯ ದಿನ ತಾನಾಗಿ ಕೈಕಾಲು ಆಡುತ್ತಿತ್ತು. ಬಾವಿಕಟ್ಟೆಯಿಂದ 'ಡೈ ಹೊಡೆಯುವುದು' ಅದರ ಮುಂದಿನ ತರಗತಿ. ಇಂದು ಆ ಬಾವಿಗಳಲ್ಲಿ ಬಹುಪಾಲು ಬತ್ತಿವೆ ಅಥವಾ ಮುಚ್ಚಿವೆ. ನದಿಯ ನೀರು ನೊರೆ ಕಾರುತ್ತಾ ಬರುವುದನ್ನು ಹೊಸೂರಿನವರಿಗೆ ನಾನು ಹೇಳಬೇಕಾಗಿಲ್ಲ. ಈಜು ಬಾರದ ಹುಡುಗರು ರಜೆಯಲ್ಲಿ ಕ್ವಾರಿ ಹೊಂಡಕ್ಕೆ ಇಳಿದು ಜೀವ ಕಳೆದುಕೊಳ್ಳುವ ಸುದ್ದಿ ಬೇಸಿಗೆ ಬಂದರೆ ಪತ್ರಿಕೆಯಲ್ಲಿ ಇದ್ದೇ ಇರುತ್ತದೆ. ಈ ವಿಷಯ ಪದಕದ್ದು ಮಾತ್ರ ಅಲ್ಲ ಎಂಬುದು ಮನಸ್ಸಿನಲ್ಲಿರಲಿ.

ಯಾವ ವಿಶ್ವವಿದ್ಯಾಲಯದ ಟೋಪಿ?

ಶೂಳಗಿರಿ ಸದಸ್ಯರ ಪ್ರಶ್ನೆಗೆ ನೇರ ಉತ್ತರ: ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಹುಡುಗನ ಭಾಷೆಯನ್ನೂ ಕೇಳುವುದಿಲ್ಲ, ಮನೆಯ ವಿಳಾಸವನ್ನೂ ಕೇಳುವುದಿಲ್ಲ. ಅವನ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಅದರ ಪರವಾಗಿ ಇಳಿಯಬೇಕು, ಅಷ್ಟೆ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಲೆಕ್ಕ ಬೇರೆ. ಅಲ್ಲಿ ರಾಜ್ಯ ಸಂಸ್ಥೆಯ ನೋಂದಣಿ ಮುಖ್ಯ. ಗಡಿಯ ಜನರಾದ ನಮಗೆ ಈ ಎರಡರ ವ್ಯತ್ಯಾಸ ತಿಳಿದಿರುವುದು ಅಗತ್ಯ.

ಒಂದೇ ಬೀದಿಯ ಮೂವರು ಹುಡುಗರನ್ನು ತೆಗೆದುಕೊಳ್ಳಿ. ಒಬ್ಬ ಕೃಷ್ಣಗಿರಿ ಸರ್ಕಾರಿ ಕಲಾ ಕಾಲೇಜಿನಲ್ಲಿ ಓದುತ್ತಾನೆ, ಅವನು ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದವನು. ಇನ್ನೊಬ್ಬ ಬರ್ಗೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದಾನೆ, ಅವನದು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ. ಮೂರನೆಯವನು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಓದುತ್ತಾನೆ, ಅವನು ಕರ್ನಾಟಕದ ಯಾವುದೋ ವಿಶ್ವವಿದ್ಯಾಲಯದವನಾಗುತ್ತಾನೆ. ಒಂದೇ ಬಾವಿಯಲ್ಲಿ ಕಲಿತ ಮೂವರು ಅಖಿಲ ಭಾರತ ಕೂಟದಲ್ಲಿ ಮೂರು ಲೇನಿನಲ್ಲಿ ಪರಸ್ಪರ ಎದುರಾಳಿಗಳು.

ಮೊದಲು ಹೀಗಿರಲಿಲ್ಲ. 1997ರಲ್ಲಿ ಪೆರಿಯಾರ್ ವಿಶ್ವವಿದ್ಯಾಲಯ ಹುಟ್ಟುವವರೆಗೆ ನಮ್ಮ ಕಡೆಯ ಕಲಾ ಕಾಲೇಜುಗಳು ಮದ್ರಾಸು ವಿಶ್ವವಿದ್ಯಾಲಯದ ಕೆಳಗಿದ್ದವು. ನಾನು ಓದುವಾಗ ನಮ್ಮದು ಧರ್ಮಪುರಿ ಜಿಲ್ಲೆ. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. ಈಜಿನ ಆಯ್ಕೆಗೆ ಮದ್ರಾಸಿಗೆ ಹೋಗಬೇಕು. ರಾತ್ರಿಯೆಲ್ಲ ಪ್ರಯಾಣ ಮಾಡಿ ಹೋದ ಹಳ್ಳಿ ಹುಡುಗ, ಹುಟ್ಟಿದಾಗಿನಿಂದ ಕೊಳದಲ್ಲೇ ಆಡಿದ ನಗರದ ಹುಡುಗರ ಪಕ್ಕ ನಿಂತರೆ ಎದೆ ಅಲ್ಲೇ ಅರ್ಧ ಒಡೆದಿರುತ್ತಿತ್ತು.

ಕೂಟದ ಹಿಂದಿನ ಸಂಸ್ಥೆ

ದೇಶದ ವಿಶ್ವವಿದ್ಯಾಲಯಗಳೆಲ್ಲ ಸೇರಿ ಅಂತರ ವಿಶ್ವವಿದ್ಯಾಲಯ ಮಂಡಳಿಯನ್ನು ಕಟ್ಟಿಕೊಂಡದ್ದು 1925ರಲ್ಲಿ. 1973ರಲ್ಲಿ ಅದಕ್ಕೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಎಂಬ ಹೆಸರು ಬಂತು. ಎ.ಐ.ಯು. ಎಂದು ಕಾಲೇಜುಗಳಲ್ಲಿ ಕರೆಯುವುದು ಇದನ್ನೇ. ಕ್ರಿಕೆಟ್ಟಿಗೆ ರೋಹಿಂಟನ್ ಬಾರಿಯಾ ಟ್ರೋಫಿ 1935ರಲ್ಲೇ ಶುರುವಾಗಿತ್ತು. ಉಳಿದ ಆಟಗಳು ಒಂದೊಂದಾಗಿ ಸೇರಿಕೊಂಡವು. ವರ್ಷದ ಎಲ್ಲ ಆಟಗಳ ಸಾಧನೆಯನ್ನು ಕೂಡಿಸಿ ಒಂದು ವಿಶ್ವವಿದ್ಯಾಲಯಕ್ಕೆ ಕೊಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಬಂದದ್ದು 1956-57ರಲ್ಲಿ. ಅದನ್ನು ಹೆಚ್ಚು ಸಲ ಹೊತ್ತುಕೊಂಡು ಹೋದವರು ಪಂಜಾಬಿನ ಕಡೆಯ ವಿಶ್ವವಿದ್ಯಾಲಯಗಳು. ದಕ್ಷಿಣದ ನಮಗೆ ಅದರ ಮೇಲೆ ಹಕ್ಕು ಕಡಿಮೆ, ಈಜಿನಲ್ಲಿ ಮಾತ್ರ ಸ್ವಲ್ಪ ತಲೆ ಎತ್ತಿ ಮಾತಾಡಬಹುದು.

ಎ.ಐ.ಯು. ಜಲಕ್ರೀಡೆ ಕೂಟದಲ್ಲಿ ಈಜು, ಡೈವಿಂಗ್, ವಾಟರ್ ಪೋಲೊ ಮೂರೂ ಸೇರುತ್ತವೆ. ಈಜಿನಲ್ಲಿ 50 ಮೀಟರಿನಿಂದ 1500 ಮೀಟರಿನವರೆಗೆ ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ, ನಾಲ್ಕನ್ನೂ ಒಬ್ಬನೇ ಈಜುವ ಮೆಡ್ಲೆ, ಕೊನೆಗೆ ರಿಲೇಗಳು. ಡೈವಿಂಗ್‌ನಲ್ಲಿ 1 ಮೀಟರ್ ಮತ್ತು 3 ಮೀಟರ್ ಸ್ಪ್ರಿಂಗ್‌ಬೋರ್ಡ್, ಮತ್ತೆ ಎತ್ತರದ ಕಟ್ಟೆ.

ಬಾವಿಯಲ್ಲಿ ಹುಲಿಯಾದವನು ಕೊಳದಲ್ಲಿ ಸೋಲುವುದು ಎಲ್ಲಿ ಎಂದು ಹಲವು ವರ್ಷ ನೋಡಿದ್ದೇನೆ. ಬಲದಲ್ಲಲ್ಲ, ನಿಯಮದಲ್ಲಿ. ನಮ್ಮ ಹುಡುಗರು ತಲೆ ಎತ್ತಿ ಈಜುತ್ತಾರೆ. ನೀರಿನಲ್ಲಿ ಹಾವು ಹಲ್ಲಿ ನೋಡಿಕೊಂಡು ಈಜಿದ ಅಭ್ಯಾಸ. ತಲೆ ಎತ್ತಿದರೆ ಸೊಂಟ ಇಳಿಯುತ್ತದೆ, ವೇಗ ಹೋಯಿತು. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಗಳಲ್ಲಿ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟಬೇಕು. ಒಂದು ಕೈ ಮೊದಲು ತಾಗಿದರೆ ಹೊರಗೆ. ಸೀಟಿಗೆ ಮುಂಚೆ ಒಮ್ಮೆ ಹಾರಿದರೂ ಹೊರಗೆ, ಎರಡನೆಯ ಅವಕಾಶವಿಲ್ಲ. ಫ್ರೀಸ್ಟೈಲಿನಲ್ಲಿ ಹಾರಿದ ಮೇಲೆ ನೀರಿನೊಳಗೆ 15 ಮೀಟರ್ ದಾಟುವ ಮುಂಚೆ ತಲೆ ಮೇಲೆ ಬರಬೇಕು. ಇವನ್ನೆಲ್ಲ ಒಂದು ವಾರದಲ್ಲಿ ಹೇಳಿಕೊಡಬಹುದು. ಹೇಳಿಕೊಡುವವರು ಇಲ್ಲದೆ ಹೋದದ್ದೇ ನಮ್ಮ ಕಡೆಯ ಕೊರತೆ.

ಡೈವಿಂಗ್ ಎಂಬ ಬಡ ತಮ್ಮ

ಈಜಿಗೂ ಡೈವಿಂಗಿಗೂ ಒಂದೇ ಕೂಟ, ಒಂದೇ ಬ್ಯಾನರ್. ಆದರೆ ಅಣ್ಣನಿಗೆ ಸಿಕ್ಕ ಮರ್ಯಾದೆ ತಮ್ಮನಿಗೆ ಸಿಗಲಿಲ್ಲ. ಇದರಲ್ಲಿ ದುಃಖದ ಮಾತೆಂದರೆ, ಸ್ವತಂತ್ರ ಭಾರತ ಶುರು ಮಾಡಿದ್ದು ಹೀಗಲ್ಲ. 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ 100 ಮೀಟರ್ ಫ್ರೀಸ್ಟೈಲಿನಲ್ಲಿ ಸಚಿನ್ ನಾಗ್ ಚಿನ್ನ ಗೆದ್ದರು. ಅದೇ ಕೂಟದಲ್ಲಿ ಕೆ.ಪಿ. ಠಕ್ಕರ್ ಸ್ಪ್ರಿಂಗ್‌ಬೋರ್ಡಿನಲ್ಲೂ ಎತ್ತರದ ಕಟ್ಟೆಯಲ್ಲೂ, ಹೀಗೆ ಡೈವಿಂಗಿನ ಎರಡೂ ಚಿನ್ನ ಗೆದ್ದರು. ಏಷ್ಯಾಡ್ ಈಜಿನಲ್ಲಿ ನಾಗ್ ಅವರ ಚಿನ್ನವೇ ನಮಗೆ ಇಂದಿನವರೆಗೂ ಒಂದೇ ಒಂದು. ಆಮೇಲೆ 1986ರ ಸೋಲ್‌ನಲ್ಲಿ ಖಜಾನ್ ಸಿಂಗ್ ಬೆಳ್ಳಿ, 2010ರಲ್ಲಿ ವೀರಧವಳ ಖಾಡೆ ಕಂಚು, 2014ರಲ್ಲಿ ಸಂದೀಪ್ ಸೇಜ್ವಾಲ್ ಕಂಚು. ನಾಗ್ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಕೊಟ್ಟದ್ದು 2020ರಲ್ಲಿ, ಅವರು ತೀರಿಕೊಂಡು ಎಷ್ಟೋ ಕಾಲದ ಮೇಲೆ. ಸರ್ಕಾರಿ ಕಡತ ಹೇಗೆ ನಡೆಯುತ್ತದೆಂದು ಬಲ್ಲ ನನಗೂ ಇದು ಸ್ವಲ್ಪ ಹೆಚ್ಚೇ ಅನ್ನಿಸಿತು.

ಡೈವಿಂಗ್ ಹಿಂದೆ ಬಿದ್ದದ್ದಕ್ಕೆ ದೊಡ್ಡ ಕಾರಣ ಆಳ. ಈಜುವವನು ಹಾರುವ ಕಟ್ಟೆಯ ಮುಂದೆ 1.35 ಮೀಟರ್ ನೀರಿದ್ದರೆ ನಿಯಮಕ್ಕೆ ಸಾಕು. 3 ಮೀಟರ್ ಬೋರ್ಡಿಗೆ 3.7 ಮೀಟರಾದರೂ ಬೇಕು. 10 ಮೀಟರ್ ಕಟ್ಟೆಗೆ 4.5ರಿಂದ 5 ಮೀಟರ್. ಅಷ್ಟು ಆಳ ಅಗೆದು, ಅಷ್ಟು ನೀರು ತುಂಬಿ, ಶುದ್ಧವಾಗಿಟ್ಟು, ಕಾವಲಿಡಲು ಯಾವ ಕಾಲೇಜಿಗೆ ಕೈಲಾಗುತ್ತದೆ? ಇದ್ದ ಆಳದ ಕೊಳಗಳಲ್ಲೂ ಅಪಘಾತದ ಹೆದರಿಕೆಯಿಂದ ಬೋರ್ಡು ಬಿಚ್ಚಿಟ್ಟವರುಂಟು. ನಮ್ಮ ಎರಡೂ ದಿಕ್ಕಿನ ದೊಡ್ಡ ಕೊಳಗಳೆಂದರೆ ಬೆಂಗಳೂರು ಮತ್ತು ಚೆನ್ನೈನವೇ. ಚೆನ್ನೈ ವೇಳಚ್ಚೇರಿಯ ಜಲಕ್ರೀಡಾ ಸಂಕೀರ್ಣ 1995ರ ಸ್ಯಾಫ್ ಕ್ರೀಡಾಕೂಟಕ್ಕೆಂದು ಕಟ್ಟಿದ್ದು, ಅಲ್ಲಿ ಡೈವಿಂಗ್ ಕೊಳವೂ ಇದೆ. 2019ರಲ್ಲಿ ಏಷ್ಯನ್ ವಯೋವರ್ಗದ ಕೂಟ ಬೆಂಗಳೂರಿಗೆ ಬಂದಾಗ ಈಜನ್ನು ಹೊಸದಾದ ಪಡುಕೋಣೆ-ದ್ರಾವಿಡ್ ಕೇಂದ್ರದಲ್ಲಿ ನಡೆಸಿ, ಡೈವಿಂಗಿಗೆ ಹಲಸೂರಿನ ಹಳೆಯ ಕೆನ್ಸಿಂಗ್ಟನ್ ಕೊಳಕ್ಕೆ ಹೋಗಬೇಕಾಯಿತು.

ಅಂಕ ಹಾಕುವ ಕ್ರಮ ಕೇಳಿದರೆ ಲೆಕ್ಕದವರಿಗೆ ಇಷ್ಟವಾಗುತ್ತದೆ. ಏಳು ತೀರ್ಪುಗಾರರಿದ್ದರೆ ಪ್ರತಿಯೊಬ್ಬರೂ ಸೊನ್ನೆಯಿಂದ ಹತ್ತರೊಳಗೆ, ಅರ್ಧ ಅಂಕದ ಲೆಕ್ಕದಲ್ಲಿ ಕೊಡುತ್ತಾರೆ. ಮೇಲಿನ ಎರಡು, ಕೆಳಗಿನ ಎರಡು ತೆಗೆದುಹಾಕಿ ಉಳಿದ ಮೂರನ್ನು ಕೂಡಿ, ಆ ಡೈವಿನ ಕಷ್ಟದ ಅಂಕಿಯಿಂದ ಗುಣಿಸಬೇಕು. 6, 6.5, 6.5, 7, 7, 7, 7.5 ಬಂದರೆ ಉಳಿಯುವುದು 6.5, 7, 7, ಮೊತ್ತ 20.5. ಕಷ್ಟದ ಅಂಕಿ 2.0 ಆಗಿದ್ದರೆ 41. ಹತ್ತಿರದವರೊಬ್ಬರು ಹೆಚ್ಚು ಹಾಕಿದರೂ, ಆಗದವರೊಬ್ಬರು ಕಡಿಮೆ ಹಾಕಿದರೂ ಫಲಿತಾಂಶ ಅಷ್ಟಾಗಿ ಅಲುಗದು. ಬೇರೆ ಸ್ಪರ್ಧೆಗಳಲ್ಲೂ, ನಮ್ಮ ಸಂಘದ ಭಾವಗೀತೆ ಸ್ಪರ್ಧೆಯೂ ಸೇರಿ, ಇದನ್ನು ತರಬಹುದೆಂದು ನನಗೆ ಬಹಳ ದಿನದಿಂದ ಅನ್ನಿಸಿದೆ.

ಅಮೆರಿಕದವರು ಹೇಗೆ ಕಟ್ಟಿದರು

ಮಕ್ಕಳು ಅಮೆರಿಕದಲ್ಲಿರುವ ಸದಸ್ಯರು ಎನ್.ಸಿ.ಎ.ಎ. ಎಂಬ ಹೆಸರು ಕೇಳಿರುತ್ತೀರಿ. ಅಲ್ಲಿನ ಕಾಲೇಜು ಪುರುಷರ ಈಜು ಮತ್ತು ಡೈವಿಂಗ್ ಚಾಂಪಿಯನ್‌ಶಿಪ್ ಮೊದಲು ನಡೆದದ್ದು 1924ರಲ್ಲಿ, ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ. ತಂಡಕ್ಕೆ ಅಧಿಕೃತವಾಗಿ ಪ್ರಶಸ್ತಿ ಕೊಡಲು ಶುರು ಮಾಡಿದ್ದು 1937ರಲ್ಲಿ; ಮೊದಲ ಪ್ರಶಸ್ತಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ. 2020ರಲ್ಲಿ ಕೊರೊನಾದಿಂದ ಕೂಟ ನಡೆಯಲಿಲ್ಲ.

ಅಲ್ಲಿಯ ಕೊಳದ ಉದ್ದ 25 ಗಜ, ಅಂದರೆ 22.86 ಮೀಟರ್; ಹಾಗಾಗಿ ಅಲ್ಲಿಯ ಸಮಯವನ್ನು ನಮ್ಮ ಸಮಯದ ಜೊತೆ ನೇರವಾಗಿ ಹೋಲಿಸಬೇಡಿ. ಮುಖ್ಯವಾದದ್ದು ಅಂಕದ ಪದ್ಧತಿ. ಮೊದಲ 16 ಸ್ಥಾನಕ್ಕೂ ಅಂಕವುಂಟು: ಮೊದಲನೆಯವನಿಗೆ 20, ಎರಡನೆಯವನಿಗೆ 17, ಹದಿನಾರನೆಯವನಿಗೆ 1. ರಿಲೇ ಗೆದ್ದರೆ ಇದರ ದುಪ್ಪಟ್ಟು. ಡೈವಿಂಗಿನ ಅಂಕವೂ ಅದೇ ಮೊತ್ತಕ್ಕೆ ಸೇರುತ್ತದೆ. ಹಾಗಾಗಿ ಡೈವಿಂಗ್ ಬಿಟ್ಟ ತಂಡ ಮೂರು ಸ್ಪರ್ಧೆಗಳ ಅಂಕವನ್ನು ಎದುರಾಳಿಗೆ ದಾನ ಕೊಟ್ಟಂತೆ. ಅಲ್ಲಿ ಡೈವಿಂಗ್ ಉಳಿದುಕೊಂಡ ಗುಟ್ಟು ಬಹುಮಟ್ಟಿಗೆ ಇದೇ ಎಂಬುದು ನನ್ನ ಅಭಿಪ್ರಾಯ.

ಇಂಡಿಯಾನಾ ವಿಶ್ವವಿದ್ಯಾಲಯ 1968ರಿಂದ 1973ರವರೆಗೆ ಸತತ ಆರು ವರ್ಷ ಗೆದ್ದಿತು. ಈಜಿಗೆ ಜೇಮ್ಸ್ ಕೌನ್ಸಿಲ್‌ಮನ್, ಡೈವಿಂಗಿಗೆ ಹೋಬಿ ಬಿಲಿಂಗ್ಸ್‌ಲಿ, ಇಬ್ಬರು ಗುರುಗಳು. ಮಾರ್ಕ್ ಸ್ಪಿಟ್ಸ್ ಅಲ್ಲಿಯ ವಿದ್ಯಾರ್ಥಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ, ಏಳೂ ವಿಶ್ವದಾಖಲೆ. ಕೌನ್ಸಿಲ್‌ಮನ್ ನೀರಿನೊಳಗೆ ಕ್ಯಾಮೆರಾ ಇಟ್ಟು ಕೈ ಹೇಗೆ ನೀರನ್ನು ಹಿಡಿಯುತ್ತದೆಂದು ಅಧ್ಯಯನ ಮಾಡಿದವರು. 1979ರಲ್ಲಿ ತಮ್ಮ 58ನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಾಲುವೆಯನ್ನೇ ಈಜಿ ದಾಟಿದರು. ನಿವೃತ್ತಿಯ ವಯಸ್ಸು 58 ಎಂದು ಕಡತದಲ್ಲಿ ಬರೆದು ಬರೆದು ಕೈ ನೊಂದವನಿಗೆ ಇದನ್ನು ಓದಿ ಸ್ವಲ್ಪ ನಾಚಿಕೆಯಾಯಿತು. ಟೆಕ್ಸಾಸ್ ವಿಶ್ವವಿದ್ಯಾಲಯ ಎಡ್ಡಿ ರೀಸ್ ಎಂಬ ಒಬ್ಬರೇ ಕೋಚ್ ಕೈಕೆಳಗೆ 1981ರಿಂದ 2021ರೊಳಗೆ 15 ಪ್ರಶಸ್ತಿ ಗೆದ್ದಿತು. 2024ರಲ್ಲಿ ಅರಿಜೋನಾ ಸ್ಟೇಟ್ ಗೆದ್ದಾಗ ಆ ತಂಡದಲ್ಲಿದ್ದ ಫ್ರಾನ್ಸಿನ ಲಿಯೋ ಮಾರ್ಷಾ, ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕವಾಗಿ ನಾಲ್ಕು ಚಿನ್ನ ಗೆದ್ದರು. ಹೊರದೇಶದ ಹುಡುಗರೂ ಅಲ್ಲಿ ವಿದ್ಯಾರ್ಥಿವೇತನದ ಮೇಲೆ ಓದುತ್ತಾ ಈಜುತ್ತಾರೆ. ನಮ್ಮ ದೇಶದ ಆರ್ಯನ್ ನೆಹ್ರಾ ಫ್ಲೋರಿಡಾ ವಿಶ್ವವಿದ್ಯಾಲಯದ ಪರ ಈಜಿದವರು.

ಬೆಂಗಳೂರಿನ ಕಾಲ

ಹೊಸೂರಿನಿಂದ ನಲವತ್ತು ಕಿಲೋಮೀಟರಿನಲ್ಲಿ ದೇಶದ ಈಜಿನ ರಾಜಧಾನಿಯೇ ಇದೆ. ಬಸವನಗುಡಿ ಈಜು ಕೇಂದ್ರ, ಡಾಲ್ಫಿನ್ ಅಕ್ವಾಟಿಕ್ಸ್ ಮುಂತಾದ ಕ್ಲಬ್ಬುಗಳು ಬೆಳೆಸಿದ ಹುಡುಗರೇ ವಿಶ್ವವಿದ್ಯಾಲಯ ತಂಡಗಳಿಗೆ ಆಧಾರ. ಇಲ್ಲಿಯ ಕೋಚ್‌ಗಳಲ್ಲಿ ನಿಹಾರ್ ಅಮೀನ್ ಅವರಿಗೆ 2015ರಲ್ಲಿ, ಎಸ್. ಪ್ರದೀಪ್ ಕುಮಾರ್ ಅವರಿಗೆ 2016ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿ ಟೋಕಿಯೊ ಒಲಿಂಪಿಕ್ಸ್‌ನ 'ಎ' ಅರ್ಹತೆ ಗಳಿಸಿದರು. ಅದೇ ಕೂಟದಲ್ಲಿ ಕೇರಳದ ಸಾಜನ್ ಪ್ರಕಾಶ್ 200 ಮೀಟರ್ ಬಟರ್‌ಫ್ಲೈನಲ್ಲಿ 1 ನಿಮಿಷ 56.38 ಸೆಕೆಂಡಿಗೆ ಬಂದು, ಆ ಅರ್ಹತೆ ಪಡೆದ ಮೊದಲ ಭಾರತೀಯರಾದರು. ಅವರೂ ಬೆಂಗಳೂರಿನಲ್ಲಿ ಪ್ರದೀಪ್ ಕುಮಾರ್ ಅವರ ಶಿಷ್ಯರಾಗಿದ್ದವರು.

1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಗಿ ಒಡೆಯಿತು. ಒಂದು ತಂಡಕ್ಕೆ ಆಗುತ್ತಿದ್ದ ಹುಡುಗರು ಹೀಗೆ ಹಂಚಿಹೋಗುವ ಕಾಲದಲ್ಲೇ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯಗಳು ಒಳ್ಳೆಯ ಈಜುಗಾರರಿಗೆ ಶುಲ್ಕ ಬಿಟ್ಟು, ಹಾಜರಾತಿ ಸಡಿಲಿಸಿ ಸೇರಿಸಿಕೊಂಡವು. ಇದನ್ನು ಟೀಕಿಸುವವರಿದ್ದಾರೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕೊಳಕ್ಕೆ ಹೋಗುವ ಹುಡುಗನಿಗೆ ಯಾರಾದರೂ ಹಾಜರಾತಿ ಕೊಟ್ಟರೆ ನನಗಂತೂ ತಕರಾರಿಲ್ಲ.

ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಮೊದಲು 2020ರ ಫೆಬ್ರವರಿಯಲ್ಲಿ ಒಡಿಶಾದಲ್ಲಿ ಆಯಿತು. ಎರಡನೆಯದು ಕೊರೊನಾದಿಂದ ತಡವಾಗಿ 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲಿ ನಡೆಯಿತು. ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನ, 7 ಬೆಳ್ಳಿ, 5 ಕಂಚಿನೊಡನೆ ಒಟ್ಟು ಪ್ರಶಸ್ತಿ ಗೆದ್ದಿತು. ಆ ಚಿನ್ನಗಳಲ್ಲಿ ದೊಡ್ಡ ಪಾಲು ಈಜುಕೊಳದಿಂದ ಬಂದದ್ದು. ಶ್ರೀಹರಿ ನಟರಾಜ್, ಶಿವ ಶ್ರೀಧರ್ ಇಬ್ಬರೂ ಆ ತಂಡದಲ್ಲಿದ್ದರು. ಮಲ್ಲಕಂಬ, ಯೋಗಾಸನಗಳೂ ಇದ್ದ ಆ ಕೂಟದ ಪಟ್ಟಿಯಲ್ಲಿ ಡೈವಿಂಗ್ ಇರಲಿಲ್ಲ.

ಒಂದು ಕಾಗದದ ಕಥೆ

ಇಷ್ಟೆಲ್ಲ ಓದಿ "ಪದಕ ಬಾರದ ಹುಡುಗನಿಗೆ ಇದರಿಂದ ಏನು?" ಎಂದು ಕೇಳಬಹುದು. ಕೇಂದ್ರ ಸರ್ಕಾರದ ಕ್ರೀಡಾಪಟು ನೇಮಕಾತಿ ನಿಯಮದಲ್ಲಿ, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವನೂ ಅರ್ಹರ ಸಾಲಿನಲ್ಲಿ ಬರುತ್ತಾನೆ. ಅದಕ್ಕೆ ಬೇಕಾದ ಪ್ರಮಾಣಪತ್ರದ ಹೆಸರು ಫಾರಂ 3. ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರು ಸಹಿ ಹಾಕಬೇಕು. ತಮಿಳುನಾಡು ಸರ್ಕಾರಿ ಕೆಲಸಗಳಲ್ಲೂ ಕ್ರೀಡಾಪಟುಗಳಿಗೆ ಶೇಕಡಾ 3 ಮೀಸಲಿದೆ.

ನಾನು ಗುಮಾಸ್ತನಾಗಿದ್ದ ಕಾಲೇಜಿನಲ್ಲಿ, ಹೆಸರು ಬೇಡ, ಒಬ್ಬ ಹುಡುಗನಿದ್ದ. ನಮ್ಮ ಕಡೆಯವನೇ, ಮನೆಯಲ್ಲಿ ಕನ್ನಡ. ಕೆರೆಯಲ್ಲಿ ಕಲಿತು, ಬೆಂಗಳೂರಿನ ನೆಂಟರ ಮನೆಯಲ್ಲಿದ್ದು ಎರಡು ಬೇಸಿಗೆ ಕೊಳದಲ್ಲಿ ಅಭ್ಯಾಸ ಮಾಡಿ, ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾದ. ಪ್ರವೇಶ ಅರ್ಜಿ ತುಂಬಿದವನು ನಾನು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಅವನ ಹೆಸರು ತಂದೆಯ ಹೆಸರಿನ ಮೊದಲಕ್ಷರದೊಡನೆ ತಮಿಳು ರೀತಿಯಲ್ಲಿತ್ತು. ಅವನು ಬಾಯಲ್ಲಿ ಹೇಳಿದ್ದು ಊರಿನ ಹೆಸರೂ ಸೇರಿದ ಕನ್ನಡದ ರೂಪ. ಅವಸರದಲ್ಲಿ ಅಂಕಪಟ್ಟಿ ನೋಡದೆ ಅವನು ಹೇಳಿದಂತೆಯೇ ಬರೆದೆ. ಪ್ರಮಾಣಪತ್ರವೂ ಹಾಗೇ ಬಂತು. ನಾಲ್ಕು ವರ್ಷದ ಮೇಲೆ ಒಂದು ನೇಮಕಾತಿಯಲ್ಲಿ "ಇದು ನೀನೇ ಎಂಬುದಕ್ಕೆ ಏನು ಸಾಕ್ಷಿ?" ಎಂದು ಕೇಳಿದರಂತೆ. ತಿದ್ದುಪಡಿಗೆ ಓಡಾಡಿ ಕಾಗದ ಕೈಗೆ ಬರುವಷ್ಟರಲ್ಲಿ ಪಟ್ಟಿ ಮುಚ್ಚಿತ್ತು. ಅವನು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ಬಿಡಿ ಅಣ್ಣ, ನಾನೇ ಅಲ್ವಾ ಹೇಳಿದ್ದು" ಎಂದ. ಈಗ ಹೊಸೂರಿನ ಸಿಪ್‌ಕಾಟ್‌ನಲ್ಲಿ ಪಾಳಿ ಕೆಲಸ. ಭಾನುವಾರ ಸಿಕ್ಕಿದರೆ ಮಕ್ಕಳಿಗೆ ಈಜು ಹೇಳಿಕೊಡುತ್ತಾನೆ, ಈಜುಬುರುಡೆ ಬದಲು ಪ್ಲಾಸ್ಟಿಕ್ ಕ್ಯಾನು ಕಟ್ಟಿ.

ಆದ್ದರಿಂದ ಹೆತ್ತವರಲ್ಲಿ ಕೋರಿಕೆ. ಕಾಲೇಜು ಸೇರಿದ ಮೊದಲ ತಿಂಗಳಲ್ಲೇ ಮಗನನ್ನು ದೈಹಿಕ ಶಿಕ್ಷಣ ನಿರ್ದೇಶಕರ ಹತ್ತಿರ ಕಳಿಸಿ, ಅಂತರ ಕಾಲೇಜು ಆಯ್ಕೆಯ ದಿನಾಂಕ ಬರೆದುಕೊಳ್ಳಲು ಹೇಳಿ. ವಯೋಮಿತಿಯನ್ನೂ ಆಗಲೇ ವಿಚಾರಿಸಲಿ. ಹೆಸರು, ಮೊದಲಕ್ಷರ, ಜನ್ಮದಿನಾಂಕ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹೇಗಿದೆಯೋ ಅಕ್ಷರಶಃ ಹಾಗೆಯೇ ಎಲ್ಲ ಅರ್ಜಿಯಲ್ಲೂ ಇರಲಿ. ಕೂಟ ಮುಗಿದ ಕೂಡಲೇ ಪ್ರಮಾಣಪತ್ರ ಕೇಳಿ ಪಡೆದು, ಮೂರು ನಕಲು ತೆಗೆದಿಡಿ.

ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು, ಬೇರಿಕೆ, ಶೂಳಗಿರಿ, ಕೃಷ್ಣಗಿರಿ ಕಡೆಯವರಲ್ಲಿ ಯಾವುದೇ ವಿಶ್ವವಿದ್ಯಾಲಯದ ಪರ ಈಜಿದವರು, ಡೈವ್ ಮಾಡಿದವರು, ವಾಟರ್ ಪೋಲೊ ಆಡಿದವರು ಇದ್ದರೆ ಹೆಸರು, ವರ್ಷ, ವಿಶ್ವವಿದ್ಯಾಲಯ, ಸ್ಪರ್ಧೆ ಇಷ್ಟನ್ನು ಬರೆದು ಸಂಘದ ಕಚೇರಿಗೆ ತಲುಪಿಸಿ. ಪ್ರಮಾಣಪತ್ರದ ನಕಲಿದ್ದರೆ ಒಳ್ಳೆಯದು, ಇಲ್ಲದಿದ್ದರೂ ಪರವಾಗಿಲ್ಲ. ಪಟ್ಟಿಗೆ ಹೊಸ ಪುಸ್ತಕ ತೆರೆದಿದ್ದೇನೆ. ಮೊದಲ ಸಾಲಿನಲ್ಲಿ ಆ ಹುಡುಗನ ಹೆಸರನ್ನು ಅಂಕಪಟ್ಟಿಯಲ್ಲಿದ್ದಂತೆಯೇ ಬರೆದಿದ್ದೇನೆ.

ಇಂತಿ,
ಕಾರ್ಯದರ್ಶಿ